‘ಕೌಂಟ್ ಕಡಿಮೆ ಇದೆ, ಮುಂದಿನ ವಾರ ಬನ್ನಿ’: ಕೀಮೋಥೆರಪಿಯ ಹಿಂದಿನ ಇಬ್ಬರು ಮೇಷ್ಟ್ರು

ರಾತ್ರಿ ಬಸ್ಸು ಹತ್ತಿ ರಾಯಚೂರಿನಿಂದಲೋ ಹಾಸನದಿಂದಲೋ ಬೆಂಗಳೂರಿಗೆ ಬಂದು, ಬೆಳಕು ಹರಿಯುವ ಮೊದಲೇ ಆಸ್ಪತ್ರೆಯ ಚೀಟಿ ಸಾಲಿನಲ್ಲಿ ನಿಂತು, ರಕ್ತ ಕೊಟ್ಟು, ರಿಪೋರ್ಟಿಗಾಗಿ ಮಧ್ಯಾಹ್ನದವರೆಗೆ ಕಾದ ಮೇಲೆ ಸಿಸ್ಟರ್ ಬಂದು ಹೇಳುತ್ತಾರೆ: “ಅಮ್ಮಾ, ಕೌಂಟ್ ಕಡಿಮೆ ಇದೆ. ಇವತ್ತು ಕೀಮೋ ಕೊಡೋಕಾಗಲ್ಲ. ಮುಂದಿನ ವಾರ ಬನ್ನಿ.” ಮನೆಯವರ ಕ್ಯಾನ್ಸರ್ ಚಿಕಿತ್ಸೆಗಾಗಿ ಓಡಾಡಿದವರಿಗೆಲ್ಲ ಈ ಮಾತು ಗೊತ್ತು. ವಾಪಸ್ ಹೋಗುವ ಬಸ್ಸಿನಲ್ಲಿ ತಲೆ ತಿನ್ನುವ ಪ್ರಶ್ನೆಗಳೂ ಗೊತ್ತು. ಕೌಂಟ್ ಅಂದರೆ ಏನು? ಅದು ಇಳಿದರೆ ಔಷಧಿ ಯಾಕೆ ತಡೆಯಬೇಕು? ಅಷ್ಟರಲ್ಲಿ ಗಡ್ಡೆ ಬೆಳೆಯುವುದಿಲ್ಲವೇ? ಗುಣ ಮಾಡಬೇಕಾದ ಔಷಧಿಯೇ ಮನುಷ್ಯನನ್ನು ಇಷ್ಟು ಸೊರಗಿಸುವುದು ಹೇಗೆ?

ಇವುಗಳಿಗೆ ಉತ್ತರ ಹುಡುಕುತ್ತಾ ಹೋದರೆ 1942ರ ಅಮೆರಿಕಕ್ಕೆ, ನ್ಯೂ ಹೇವನ್ ಊರಿನ ಯೇಲ್ ವಿಶ್ವವಿದ್ಯಾಲಯಕ್ಕೆ ಹೋಗಿ ಮುಟ್ಟುತ್ತೇವೆ. ಅಲ್ಲಿ ಔಷಧಶಾಸ್ತ್ರ ಕಲಿಸುತ್ತಿದ್ದ ಇಬ್ಬರು ಯುವ ಅಧ್ಯಾಪಕರಿದ್ದರು. ಲೂಯಿಸ್ ಗುಡ್‌ಮನ್, ವೈದ್ಯರು. ಆಲ್ಫ್ರೆಡ್ ಗಿಲ್ಮನ್, ವೈದ್ಯರಲ್ಲ, ಪಿಎಚ್‌ಡಿ ಮಾಡಿದ ವಿಜ್ಞಾನಿ. ರಕ್ತನಾಳದ ಮೂಲಕ ಕೊಡುವ ಆಧುನಿಕ ಕ್ಯಾನ್ಸರ್ ಔಷಧಿಯ ಮೊದಲ ಡೋಸ್ ಇವರ ಪ್ರಯೋಗದಿಂದಲೇ ಬಂತು. ಅದಕ್ಕೆ ಒಂದು ವರ್ಷ ಮೊದಲು ಇದೇ ಇಬ್ಬರು ಬರೆದಿದ್ದ ಪಠ್ಯಪುಸ್ತಕವನ್ನು ಇಂದಿಗೂ ಜಗತ್ತಿನ ವೈದ್ಯಕೀಯ ಕಾಲೇಜುಗಳಲ್ಲಿ ತೆರೆದು ನೋಡುತ್ತಾರೆ.

ಔಷಧಶಾಸ್ತ್ರದ ಮೇಷ್ಟ್ರ ಕೆಲಸವೇನು?

ಚೀಟಿ ನೋಡಿ ಮಾತ್ರೆ ಕೊಡುವವರು ಫಾರ್ಮಸಿ ಓದಿದವರು. ಫಾರ್ಮಕಾಲಜಿ, ಅಂದರೆ ಔಷಧಶಾಸ್ತ್ರ, ಬೇರೆ. ಹೆಸರು ಹತ್ತಿರ ಇರುವುದರಿಂದ ಎರಡನ್ನೂ ಒಂದೇ ಅಂದುಕೊಳ್ಳುವವರು ಬಹಳ ಮಂದಿ. ಔಷಧಶಾಸ್ತ್ರದವರು ಮುಖ್ಯವಾಗಿ ಎರಡು ಪ್ರಶ್ನೆ ಹಿಡಿದು ಕೂರುತ್ತಾರೆ. ಔಷಧಿ ದೇಹಕ್ಕೆ ಏನು ಮಾಡುತ್ತದೆ? ದೇಹ ಔಷಧಿಯನ್ನು ಏನು ಮಾಡುತ್ತದೆ? ನುಂಗಿದ ಪ್ಯಾರಸಿಟಮಾಲ್ ಜ್ವರ ಇಳಿಸುವುದು ಮೊದಲನೆಯದು. ಲಿವರ್ ಅದನ್ನು ಒಡೆದು, ಮೂತ್ರದಲ್ಲಿ ಹೊರಗೆ ಹೋಗಿ, ಕೆಲವು ಗಂಟೆಗಳಲ್ಲಿ ಜ್ವರ ಮತ್ತೆ ಏರುವುದು ಎರಡನೆಯದು. ಎರಡೂ ಉತ್ತರ ಕೈಯಲ್ಲಿದ್ದರೆ ಎಷ್ಟು ಕೊಡಬೇಕು, ಎಷ್ಟು ಹೊತ್ತಿಗೊಮ್ಮೆ ಕೊಡಬೇಕು ಎಂಬ ಲೆಕ್ಕ ಸಿಗುತ್ತದೆ.

ಎಲೆ ಅಡಿಕೆ ಹಾಕುವವರಿಗೆ ಸುಣ್ಣದ ಹದ ಗೊತ್ತು. ಬೆರಳ ತುದಿಯಲ್ಲಿ ಒಂದಿಷ್ಟು ಸವರಿದರೆ ಬಾಯಿ ಕೆಂಪಾಗುತ್ತದೆ. ಕೊಂಚ ಹೆಚ್ಚಾದರೆ ಅದೇ ಸುಣ್ಣ ನಾಲಿಗೆ ಸುಡುತ್ತದೆ. ನಾವು ದಿನವೂ ನುಂಗುವ ಅನೇಕ ಔಷಧಿಗಳಲ್ಲಿ ಹದಕ್ಕೂ ಸುಡುವುದಕ್ಕೂ ನಡುವೆ ಸಾಕಷ್ಟು ಜಾಗವಿದೆ. ಕ್ಯಾನ್ಸರ್ ಔಷಧಿಗಳಲ್ಲಿ ಆ ಜಾಗ ತೀರಾ ಇಕ್ಕಟ್ಟು. ಕೀಮೋಥೆರಪಿಯ ಕಷ್ಟಗಳೆಲ್ಲ ಆ ಇಕ್ಕಟ್ಟಿನಲ್ಲೇ ಹುಟ್ಟುವಂಥವು.

ಯುದ್ಧದ ವಿಷದಲ್ಲಿ ಸಿಕ್ಕ ಸುಳಿವು

1917ರ ಜುಲೈನಲ್ಲಿ, ಬೆಲ್ಜಿಯಂನ ಈಪ್ರ್ ಬಳಿ ಜರ್ಮನ್ ಸೇನೆ ಹೊಸದೊಂದು ವಿಷವನ್ನು ಪ್ರಯೋಗಿಸಿತು. ಮಸ್ಟರ್ಡ್ ಗ್ಯಾಸ್, ಸಾಸಿವೆ ಅನಿಲ. ಅದಕ್ಕೂ ಸಾಸಿವೆಗೂ ಸಂಬಂಧವಿಲ್ಲ. ವಾಸನೆ ಹಾಗಿತ್ತು ಎಂದು ಬಂದ ಹೆಸರು. ನಿಜ ಹೇಳಬೇಕೆಂದರೆ ಅದು ಅನಿಲವೂ ಅಲ್ಲ, ಗಂಧಕ ಇರುವ ಒಂದು ಎಣ್ಣೆಯಂಥ ದ್ರವ. ತಗುಲಿದ ಕಡೆ ಚರ್ಮ ಬೊಬ್ಬೆ ಏಳುತ್ತಿತ್ತು, ಕಣ್ಣು ಉರಿದು ಮುಚ್ಚಿಹೋಗುತ್ತಿತ್ತು, ಶ್ವಾಸಕೋಶ ಸುಡುತ್ತಿತ್ತು.

ಬೊಬ್ಬೆ ಎಲ್ಲರಿಗೂ ಕಂಡಿತು. ಕೆಲವರಿಗೆ ಮಾತ್ರ ಕಂಡ ಇನ್ನೊಂದು ವಿಷಯವಿತ್ತು. ಈ ವಿಷಕ್ಕೆ ಸಿಕ್ಕಿದವರ ರಕ್ತವನ್ನೂ ಮೂಳೆಯೊಳಗಿನ ಮಜ್ಜೆಯನ್ನೂ ಪರೀಕ್ಷಿಸಿದ ಎಡ್ವರ್ಡ್ ಮತ್ತು ಹೆಲೆನ್ ಕ್ರುಂಬಾರ್ 1919ರಲ್ಲಿ ವರದಿ ಬರೆದರು: ಇವರ ಬಿಳಿ ರಕ್ತಕಣಗಳ ಸಂಖ್ಯೆ ಕುಸಿದಿದೆ, ಮಜ್ಜೆ ಬರಿದಾಗಿದೆ. ಇಂದಿನ ಆಸ್ಪತ್ರೆಯ ಮಾತಿನಲ್ಲಿ ಹೇಳಿದರೆ ಕೌಂಟ್ ಇಳಿದಿತ್ತು. ಆ ವರದಿಯಲ್ಲಿ ಒಂದು ಚಿಕಿತ್ಸೆ ಅಡಗಿದೆ ಎಂದು ಆಗ ಯಾರೂ ಎಣಿಸಲಿಲ್ಲ.

ಎರಡನೇ ಮಹಾಯುದ್ಧ ಬಂತು. ರಾಸಾಯನಿಕ ಅಸ್ತ್ರಗಳು ಮತ್ತೆ ಬರಬಹುದೆಂಬ ಭಯದಲ್ಲಿ ಅಮೆರಿಕ ಸರ್ಕಾರ ಅವುಗಳ ಅಧ್ಯಯನವನ್ನು ಗುಟ್ಟಾಗಿ ಯೇಲ್‌ಗೆ ಒಪ್ಪಿಸಿತು. ಕೆಲಸ ಗುಡ್‌ಮನ್ ಮತ್ತು ಗಿಲ್ಮನ್ ಪಾಲಿಗೆ ಬಂತು. ಅವರ ಕೈಗೆ ಬಂದದ್ದು ಹಳೆಯ ವಿಷದ ಸೋದರ: ಗಂಧಕದ ಜಾಗದಲ್ಲಿ ಸಾರಜನಕ ಕೂರಿಸಿದ ನೈಟ್ರೋಜನ್ ಮಸ್ಟರ್ಡ್. ಇದನ್ನು ನೀರಿನಲ್ಲಿ ಕರಗುವ ಲವಣವಾಗಿ ಮಾಡಬಹುದಿತ್ತು. ಕರಗುತ್ತದೆ ಎಂದರೆ ಅಳೆದು ಸೂಜಿಯಲ್ಲಿ ಕೊಡಬಹುದು. ವಿಷ ಔಷಧಿಯ ಹಾದಿ ಹಿಡಿದದ್ದು ಇಲ್ಲಿಂದ.

ಮೊಲಗಳಿಗೆ ಕೊಟ್ಟು ನೋಡಿದರೆ ಮತ್ತೆ ಅದೇ ಕಥೆ, ಬಿಳಿ ರಕ್ತಕಣಗಳು ಕಾಣೆ. ಆಗ ಅವರು ಕೇಳಿಕೊಂಡ ಪ್ರಶ್ನೆಯೇ ಈ ಕಥೆಯ ತಿರುವು. ಬಿಳಿ ರಕ್ತಕಣಗಳನ್ನು ಹೀಗೆ ಅಳಿಸುವ ವಸ್ತು, ಅದೇ ಕಣಗಳು ಮಿತಿಮೀರಿ ಬೆಳೆಯುವ ಕ್ಯಾನ್ಸರನ್ನು ಅಳಿಸಲಾರದೇ?

ಮೊದಲು ಇಲಿ, ಆಮೇಲೆ ಜೆ.ಡಿ.

ಅಂಗರಚನಾಶಾಸ್ತ್ರ ವಿಭಾಗದ ಥಾಮಸ್ ಡೋಹರ್ಟಿ ಬಳಿ ಲಿಂಫೋಮಾ ಗಡ್ಡೆ ಕಸಿ ಮಾಡಿದ ಇಲಿಗಳಿದ್ದವು. ಲಿಂಫೋಮಾ ಎಂದರೆ ಕುತ್ತಿಗೆ, ಕಂಕುಳು, ತೊಡೆಸಂದಿಯಲ್ಲಿರುವ ದುಗ್ಧರಸ ಗ್ರಂಥಿಗಳಲ್ಲಿ ಒಂದು ಬಗೆಯ ಬಿಳಿ ರಕ್ತಕಣ ಹದ್ದುಮೀರಿ ಬೆಳೆಯುವ ಕ್ಯಾನ್ಸರ್. ಮೊದಲ ಇಲಿಗೆ ಎರಡು ಸಲ ಚುಚ್ಚುವಷ್ಟರಲ್ಲಿ ಗಡ್ಡೆ ಮೆತ್ತಗಾಗಿ ಕರಗತೊಡಗಿತು. ಕೆಲ ಕಾಲದ ನಂತರ ತಿರುಗಿ ಬಂತು. ಮತ್ತೆ ಕೊಟ್ಟರು, ಮತ್ತೆ ಇಳಿಯಿತು, ಆದರೆ ಮೊದಲಿನಷ್ಟು ಅಲ್ಲ. ಔಷಧಿ ಇಲ್ಲದಿದ್ದರೆ ಮೂರು ವಾರ ಬದುಕುತ್ತಿದ್ದ ಇಲಿ 84 ದಿನ ಬದುಕಿತು.

ಮನುಷ್ಯನಿಗೆ ಕೊಡಲು ಶಸ್ತ್ರಚಿಕಿತ್ಸಕ ಗುಸ್ತಾಫ್ ಲಿಂಡ್‌ಸ್ಕಾಗ್ ಒಪ್ಪಿದರು. ರೋಗಿ ಪೋಲೆಂಡಿನಿಂದ ವಲಸೆ ಬಂದು ಬಾಲ್ ಬೇರಿಂಗ್ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ 48 ವರ್ಷದ ಕಾರ್ಮಿಕ. ದಾಖಲೆಗಳಲ್ಲಿ ಅವರು ಬರೀ ಜೆ.ಡಿ. ವಿಕಿರಣ ಚಿಕಿತ್ಸೆ ಮೊದಮೊದಲು ಕೆಲಸ ಮಾಡಿ ಆಮೇಲೆ ಕೈಕೊಟ್ಟಿತ್ತು. ಕುತ್ತಿಗೆ, ದವಡೆಯ ಸುತ್ತ ಗಡ್ಡೆಗಳು ಎಷ್ಟು ತುಂಬಿಕೊಂಡಿದ್ದವೆಂದರೆ ತಲೆ ತಿರುಗಿಸಲು ಆಗುತ್ತಿರಲಿಲ್ಲ, ನುಂಗಲು ಆಗುತ್ತಿರಲಿಲ್ಲ.

1942ರ ಆಗಸ್ಟ್ 27, ಬೆಳಿಗ್ಗೆ ಹತ್ತು ಗಂಟೆ. ಮೊದಲ ಡೋಸ್: ದೇಹದ ತೂಕದ ಪ್ರತಿ ಕಿಲೋಗೆ 0.1 ಮಿಲಿಗ್ರಾಂ. 60 ಕಿಲೋ ಮನುಷ್ಯನಾದರೆ ದಿನಕ್ಕೆ 6 ಮಿಲಿಗ್ರಾಂ, ಹರಳುಪ್ಪಿನ ಒಂದು ಸಣ್ಣ ಹರಳಿನಷ್ಟು. ಹೀಗೆ ಹತ್ತು ದಿನ. ಯುದ್ಧದ ಗುಟ್ಟು ಕಾಯಬೇಕಿದ್ದರಿಂದ ಕೇಸ್ ಶೀಟಿನಲ್ಲಿ ಔಷಧಿಯ ಹೆಸರನ್ನೇ ಬರೆಯಲಿಲ್ಲ. ನಾಲ್ಕೈದು ದಿನಗಳಲ್ಲಿ ಜೆ.ಡಿ. ತಲೆ ಆಡಿಸಿದರು, ಊಟ ನುಂಗಿದರು. ಕೋರ್ಸ್ ಮುಗಿಯುವ ಹೊತ್ತಿಗೆ ಕೈಗೆ ಸಿಗುತ್ತಿದ್ದ ಗಡ್ಡೆಗಳು ಕರಗಿದ್ದವು.

ಆಮೇಲೆ ಕೌಂಟ್ ಬಿತ್ತು. ಬಿಳಿ ರಕ್ತಕಣಗಳು ತಳ ಕಂಡವು, ರಕ್ತಸ್ರಾವ ಶುರುವಾಯಿತು. ವಾರಗಳು ಕಳೆದು ಮಜ್ಜೆ ಚೇತರಿಸಿಕೊಳ್ಳುತ್ತಿದ್ದ ಹಾಗೆ ಗಡ್ಡೆಯೂ ಮರಳಿತು. ಎರಡನೇ ಕೋರ್ಸಿಗೆ ಸ್ವಲ್ಪ ಮಣಿಯಿತು, ಮೂರನೆಯದಕ್ಕೆ ಇನ್ನೂ ಕಡಿಮೆ. ಡಿಸೆಂಬರ್ 1ರಂದು ಜೆ.ಡಿ. ತೀರಿಕೊಂಡರು. ಅವರಿಗೆ ಒಂದು ಕೋರ್ಸಿನಲ್ಲಿ ಕೊಟ್ಟ ಒಟ್ಟು ಪ್ರಮಾಣ, ಮುಂದೆ ರೂಢಿಗೆ ಬಂದ ಪ್ರಮಾಣದ ಎರಡೂವರೆ ಪಟ್ಟು. ಹದ ಎಲ್ಲಿದೆ ಎಂದು ಯಾರಿಗೂ ಗೊತ್ತಿಲ್ಲದ ಕಾಲದಲ್ಲಿ ಅದನ್ನು ತಮ್ಮ ಮೈಮೇಲೆ ತೋರಿಸಿಕೊಟ್ಟವರು ಆ ಕಾರ್ಮಿಕ. ಅವರ ಪೂರ್ತಿ ಹೆಸರು ನಮಗೆ ತಿಳಿಯದಿದ್ದರೂ ಕೃತಜ್ಞತೆ ಸಲ್ಲಬೇಕಾದ್ದು ಮೊದಲು ಅವರಿಗೆ.

ಇಟಲಿಯ ಬಾರಿ ಬಂದರಿನ ದುರಂತದಿಂದ ಕೀಮೋಥೆರಪಿ ಹುಟ್ಟಿತು ಎಂಬ ಕಥೆಯೊಂದು ಚಾಲ್ತಿಯಲ್ಲಿದೆ. ಸಾಸಿವೆ ಅನಿಲದ ಬಾಂಬು ತುಂಬಿದ್ದ ಜಾನ್ ಹಾರ್ವೆ ಎಂಬ ಅಮೆರಿಕದ ಹಡಗು ಅಲ್ಲಿ ಜರ್ಮನ್ ದಾಳಿಗೆ ಸಿಕ್ಕಿದ್ದು ನಿಜ, ಗಾಯಾಳುಗಳ ಬಿಳಿ ರಕ್ತಕಣ ಕುಸಿದದ್ದೂ ನಿಜ. ಆದರೆ ಅದು ನಡೆದದ್ದು 1943ರ ಡಿಸೆಂಬರ್ 2ರಂದು. ಜೆ.ಡಿ. ತೀರಿಕೊಂಡು ಆಗ ಒಂದು ವರ್ಷವಾಗಿತ್ತು.

ಯುದ್ಧ ಮುಗಿದ ಮೇಲೆ, 1946ರಲ್ಲಿ, ಹಲವು ಊರುಗಳ ವೈದ್ಯರ ಜೊತೆ ಸೇರಿ 67 ರೋಗಿಗಳ ಅನುಭವವನ್ನು ಗುಡ್‌ಮನ್, ಗಿಲ್ಮನ್ ಪ್ರಕಟಿಸಿದರು. 1949ರಲ್ಲಿ ಅಮೆರಿಕ ಸರ್ಕಾರ ಈ ಔಷಧಿಗೆ ಒಪ್ಪಿಗೆ ಕೊಟ್ಟಿತು.

ಜಿಪ್ ಮೇಲೆ ಹಾಕಿದ ಹೊಲಿಗೆ

ಇದು ಕ್ಯಾನ್ಸರ್ ಕೋಶವನ್ನು ಕೊಲ್ಲುವುದು ಹೇಗೆ? ಬಹುತೇಕ ಪ್ರತಿ ಜೀವಕೋಶದಲ್ಲೂ ಡಿಎನ್‌ಎ ಇದೆ. ಎರಡು ಎಳೆ ಒಂದಕ್ಕೊಂದು ಹೆಣೆದುಕೊಂಡ ರಚನೆ. ಬ್ಯಾಗಿನ ಜಿಪ್ ಎಂದುಕೊಳ್ಳಿ. ಒಂದು ಕೋಶ ಎರಡಾಗಬೇಕಾದರೆ ಆ ಜಿಪ್ ಪೂರ್ತಿ ಬಿಚ್ಚಿಕೊಳ್ಳಬೇಕು. ಆಗಲೇ ಪ್ರತಿ ಎಳೆಗೂ ಹೊಸ ಜೋಡಿ ಕಟ್ಟಿ ಎರಡು ಪ್ರತಿ ಮಾಡಲು ಸಾಧ್ಯ. ನೈಟ್ರೋಜನ್ ಮಸ್ಟರ್ಡ್ ಕಣಕ್ಕೆ ಎರಡು ತೋಳಿವೆ. ಒಂದು ಈ ಎಳೆಯನ್ನು, ಇನ್ನೊಂದು ಆ ಎಳೆಯನ್ನು ಹಿಡಿದು ಬಿಗಿಯಾಗಿ ಬೆಸೆದುಬಿಡುತ್ತವೆ. ಜಿಪ್‌ನ ಎರಡೂ ಬದಿ ಸೇರಿಸಿ ಅಡ್ಡ ಹೊಲಿಗೆ ಹಾಕಿದ ಹಾಗೆ. ಬಿಚ್ಚಲು ಹೋದರೆ ಅಲ್ಲಿಗೆ ಸಿಕ್ಕಿಕೊಳ್ಳುತ್ತದೆ, ಕೋಶ ಸಾಯುತ್ತದೆ.

ಸುಮ್ಮನೆ ಮುಚ್ಚಿಟ್ಟ ಬ್ಯಾಗಿಗೆ ಈ ಹೊಲಿಗೆಯಿಂದ ತೊಂದರೆ ಕಡಿಮೆ. ಗಳಿಗೆಗೊಮ್ಮೆ ತೆರೆಯುವ ಬ್ಯಾಗಿಗೇ ಕಷ್ಟ. ಕ್ಯಾನ್ಸರ್ ಕೋಶಗಳು ಸದಾ ಒಡೆದು ಎರಡಾಗುತ್ತಿರುತ್ತವೆ. ನಮ್ಮ ದೇಹದಲ್ಲಿ ಹಾಗೆ ಬಿಡುವಿಲ್ಲದೆ ಒಡೆಯುವ ಒಳ್ಳೆಯ ಕೋಶಗಳೂ ಇವೆ: ಕೂದಲ ಬೇರು, ಬಾಯಿ ಮತ್ತು ಕರುಳಿನ ಒಳಪದರ, ಮೂಳೆ ಮಜ್ಜೆ. ಇವು ಯಾರದು, ಅವು ಯಾರದು ಎಂಬ ಭೇದ ಔಷಧಿಗೆ ಗೊತ್ತಿಲ್ಲ. ಕೂದಲು ಉದುರುವುದು, ಬಾಯಿ ಹುಣ್ಣು, ಭೇದಿ, ಕೌಂಟ್ ಇಳಿಯುವುದು ಎಲ್ಲಕ್ಕೂ ಕಾರಣ ಇದೇ. ಕೂದಲು ಉದುರಿದರೆ ಔಷಧಿ ದೇಹಕ್ಕೆ ಆಗಿಬರಲಿಲ್ಲ ಎಂದು ಅನೇಕರು ಹೆದರುತ್ತಾರೆ. ಹಾಗೇನಿಲ್ಲ. ಎಲ್ಲ ಕೀಮೋ ಔಷಧಿಗಳೂ ಇದೇ ದಾರಿಯಲ್ಲಿ ಕೆಲಸ ಮಾಡುವುದಿಲ್ಲ. ಆದ್ದರಿಂದಲೇ ಕೆಲವಕ್ಕೆ ಕೂದಲು ಉದುರುತ್ತದೆ, ಕೆಲವಕ್ಕೆ ಉದುರುವುದಿಲ್ಲ.

ಗಡ್ಡೆ ತಿರುಗಿ ಬಂದದ್ದೇಕೆ?

ಹೊಲದಲ್ಲಿ ಒಂದೇ ಕಳೆನಾಶಕ ಮತ್ತೆ ಮತ್ತೆ ಹೊಡೆದರೆ ಅದಕ್ಕೆ ಬಗ್ಗದ ಕಳೆ ಮಾತ್ರ ಉಳಿದು, ಮುಂದಿನ ವರ್ಷ ಹೊಲವೆಲ್ಲ ಅದೇ ಆಗುತ್ತದೆ. ಜೆ.ಡಿ. ದೇಹದಲ್ಲಿ ಆದದ್ದೂ ಹೀಗೇ. ಒಂದು ಔಷಧಿಗೆ ಜಗ್ಗದ ಕೋಶಗಳನ್ನು ಬೇರೆ ಬೇರೆ ದಾರಿಯಲ್ಲಿ ಕೊಲ್ಲುವ ಔಷಧಿಗಳನ್ನು ಒಟ್ಟಿಗೆ ಕೊಡಬೇಕು ಎಂಬ ಯೋಚನೆ ಬೆಳೆದದ್ದು ಇದರಿಂದ.

ಬೇರೆ ದಾರಿಗಳೂ ಸಿಕ್ಕವು. 1948ರಲ್ಲಿ ಬಾಸ್ಟನ್ನಿನ ಸಿಡ್ನಿ ಫಾರ್ಬರ್ ರಕ್ತದ ಕ್ಯಾನ್ಸರಿನ 16 ಮಕ್ಕಳಿಗೆ ಅಮಿನಾಪ್ಟೆರಿನ್ ಕೊಟ್ಟು ಹತ್ತು ಮಕ್ಕಳಲ್ಲಿ ತಾತ್ಕಾಲಿಕ ಸುಧಾರಣೆ ಕಂಡರು. ಅದು ಕೋಶಕ್ಕೆ ಬೇಕಾದ ಫೋಲಿಕ್ ಆಮ್ಲದ ವೇಷ ಹಾಕಿ ಮೋಸ ಮಾಡುವ ಔಷಧಿ. ತಯಾರಾದದ್ದು ಆಂಧ್ರದ ಭೀಮಾವರಂನಲ್ಲಿ ಹುಟ್ಟಿದ ಯೆಲ್ಲಾಪ್ರಗಡ ಸುಬ್ಬರಾವ್ ಅವರ ನೇತೃತ್ವದ ಪ್ರಯೋಗಾಲಯದಲ್ಲಿ. ಅದೇ ವರ್ಷ ಸುಬ್ಬರಾವ್ ತೀರಿಕೊಂಡರು. ತಮ್ಮ ಔಷಧಿ ಎಷ್ಟು ದೂರ ಹೋಗಲಿದೆ ಎಂದು ನೋಡಲು ಅವರಿಗೆ ಸಿಗಲಿಲ್ಲ ಎಂಬುದು ನೆನೆದಾಗಲೆಲ್ಲ ನೋವು ತರುತ್ತದೆ.

1960ರ ದಶಕದಲ್ಲಿ ವಿನ್ಸೆಂಟ್ ಡಿವೀಟಾ ತಂಡ ನೈಟ್ರೋಜನ್ ಮಸ್ಟರ್ಡಿಗೆ ಇನ್ನೂ ಮೂರು ಔಷಧಿ ಸೇರಿಸಿ ಹಾಜ್‌ಕಿನ್ ಲಿಂಫೋಮಾ ರೋಗಿಗಳಿಗೆ ಕೊಟ್ಟಿತು. 1970ರಲ್ಲಿ ಬಂದ ವರದಿಯ ಪ್ರಕಾರ 43 ರೋಗಿಗಳಲ್ಲಿ 35 ಮಂದಿಯಲ್ಲಿ ಕಾಯಿಲೆಯ ಗುರುತೇ ಉಳಿಯಲಿಲ್ಲ. ಅವರಲ್ಲಿ ಅನೇಕರು ಪೂರ್ತಿ ಗುಣವಾದರು. ಇಂದು ಚೀಟಿಯಲ್ಲಿ ಮೂರು ನಾಲ್ಕು ಔಷಧಿಗಳ ಮೊದಲಕ್ಷರ ಸೇರಿಸಿ ಬರೆದ ವಿಚಿತ್ರ ಹೆಸರು ಕಾಣುತ್ತದಲ್ಲ, ಆ ಪದ್ಧತಿಯೂ ಇಂಥ ಪ್ರಯೋಗಗಳಿಂದಲೇ ಬೇರೂರಿತು.

ಪಾಠ ಹೇಳುವುದೂ ಚಿಕಿತ್ಸೆಯೇ

ಗುಡ್‌ಮನ್, ಗಿಲ್ಮನ್ ಪಾಠ ಶುರು ಮಾಡಿದ ಕಾಲಕ್ಕೆ ವಿದ್ಯಾರ್ಥಿಗಳು ಔಷಧಿಗಳ ಪಟ್ಟಿ ಉರುಹೊಡೆಯುತ್ತಿದ್ದರು. ಯಾವ ಗಿಡದ ಯಾವ ಬೇರು, ಅದರ ಕಷಾಯ ಮಾಡುವ ಬಗೆ, ಯಾವ ಕಾಯಿಲೆಗೆ ಎಷ್ಟು. ಯಾಕೆ ಎಂಬುದು ಹಿಂದೆ ಬಿದ್ದಿತ್ತು. ತಮ್ಮ ತರಗತಿಗೆ ಒಗ್ಗುವ ಪುಸ್ತಕ ಸಿಗದೆ ಇಬ್ಬರೂ ತಾವೇ ಬರೆಯಲು ಕೂತರು. ಔಷಧಿ ದೇಹದಲ್ಲಿ ಏನು ಮಾಡುತ್ತದೆ ಎಂಬುದನ್ನು ರೋಗಿಯ ಹಾಸಿಗೆಯ ಪಕ್ಕ ತೆಗೆದುಕೊಳ್ಳುವ ನಿರ್ಧಾರಕ್ಕೆ ಜೋಡಿಸುವುದು ಅವರ ಗುರಿ. 1941ರಲ್ಲಿ ‘ಚಿಕಿತ್ಸೆಗೆ ಔಷಧಶಾಸ್ತ್ರದ ಆಧಾರ’ ಎಂಬರ್ಥದ ಹೆಸರಿನಲ್ಲಿ ಸಾವಿರಕ್ಕೂ ಹೆಚ್ಚು ಪುಟಗಳ ಗ್ರಂಥ ಹೊರಬಂತು. ಇಷ್ಟು ದಪ್ಪದ ಪುಸ್ತಕ ಯಾರು ಕೊಳ್ಳುತ್ತಾರೆ ಎಂದು ಪ್ರಕಾಶಕರು ಹಿಂಜರಿದು 3,000 ಪ್ರತಿ ಅಚ್ಚು ಹಾಕಿದ್ದರು. ಆರು ವಾರದಲ್ಲಿ ಖಾಲಿ. ಅದೇ ವರ್ಷ ಹುಟ್ಟಿದ ಮಗನಿಗೆ ಗಿಲ್ಮನ್ ಗೆಳೆಯನ ಹೆಸರನ್ನೂ ಸೇರಿಸಿ ಆಲ್ಫ್ರೆಡ್ ಗುಡ್‌ಮನ್ ಗಿಲ್ಮನ್ ಎಂದು ಹೆಸರಿಟ್ಟರು. ಮಗ ಮುಂದೆ ಅದೇ ಪುಸ್ತಕದ ಸಂಪಾದಕರಾದರು, 1994ರಲ್ಲಿ ನೊಬೆಲ್ ಪ್ರಶಸ್ತಿಯನ್ನೂ ಪಡೆದರು.

ಗುಡ್‌ಮನ್ 1944ರಲ್ಲಿ ಯೂಟಾ ವಿಶ್ವವಿದ್ಯಾಲಯಕ್ಕೆ ಹೋಗಿ ಹೊಸ ಔಷಧಶಾಸ್ತ್ರ ವಿಭಾಗ ಕಟ್ಟಿದರು. ಗಿಲ್ಮನ್ ನ್ಯೂಯಾರ್ಕಿನ ಆಲ್ಬರ್ಟ್ ಐನ್‌ಸ್ಟೈನ್ ವೈದ್ಯಕೀಯ ಕಾಲೇಜಿನಲ್ಲಿ ಅದೇ ಕೆಲಸ ಮಾಡಿದರು. ಯೂಟಾದಲ್ಲಿ ನಡೆದ ಒಂದು ಪ್ರಯೋಗ ಗುಡ್‌ಮನ್ ಪಾಠದ ಸ್ವಭಾವ ತೋರಿಸುತ್ತದೆ. ಸ್ನಾಯುಗಳನ್ನು ಸಡಿಲಿಸುವ ಕ್ಯುರಾರೆ ಪ್ರಜ್ಞೆಯನ್ನೂ ತಪ್ಪಿಸುತ್ತದೆ ಎಂದು ಕೆಲವರು ನಂಬಿದ್ದರು. ಅರಿವಳಿಕೆ ತಜ್ಞ ಸ್ಕಾಟ್ ಸ್ಮಿತ್ ತಾವೇ ಮಲಗಿ, ಉಸಿರಾಟವೂ ನಿಲ್ಲುವಷ್ಟು ಕ್ಯುರಾರೆ ಚುಚ್ಚಿಸಿಕೊಂಡರು. ಉಳಿದವರು ಕೃತಕವಾಗಿ ಉಸಿರಾಡಿಸಿದರು. ಎಚ್ಚರಾದ ಮೇಲೆ ಎಂದು ಬರೆಯುವಂತಿಲ್ಲ, ಅವರು ಎಚ್ಚರ ತಪ್ಪಿರಲೇ ಇಲ್ಲ. ಕಣ್ರೆಪ್ಪೆಯೂ ಆಡದ ಸ್ಥಿತಿಯಲ್ಲಿ ಎಲ್ಲವನ್ನೂ ಕೇಳಿಸಿಕೊಂಡಿದ್ದರು, ನೋವು ತಿಳಿದಿತ್ತು. 1947ರಲ್ಲಿ ಪ್ರಕಟವಾದ ಈ ವರದಿಯಿಂದ, ಬರೀ ಕ್ಯುರಾರೆ ಕೊಟ್ಟು ಶಸ್ತ್ರಚಿಕಿತ್ಸೆ ಮಾಡುವುದು ಎಂಥ ಕ್ರೌರ್ಯ ಎಂಬುದು ಸ್ಪಷ್ಟವಾಯಿತು.

ಔಷಧಶಾಸ್ತ್ರ ವೈದ್ಯರಿಗೆ ಮಾತ್ರ ಬೇಕಾದದ್ದಲ್ಲ. ನಮ್ಮಲ್ಲಿ ಎಂಬಿಬಿಎಸ್‌ನವರು ಎರಡನೇ ಹಂತದಲ್ಲಿ ಓದುತ್ತಾರೆ. ನರ್ಸಿಂಗ್, ಫಾರ್ಮಸಿ, ದಂತವೈದ್ಯಕೀಯದವರಿಗೂ ಅದು ಇದೆ. ಕಾರಣ ಕೀಮೋ ಕುರ್ಚಿಯ ಪಕ್ಕದಲ್ಲೇ ಕಾಣುತ್ತದೆ. ನೈಟ್ರೋಜನ್ ಮಸ್ಟರ್ಡಿನಂಥ ಕೆಲವು ಔಷಧಿಗಳು ರಕ್ತನಾಳದಿಂದ ಹೊರಗೆ ಸೋರಿದರೆ ಸುತ್ತಲಿನ ಮಾಂಸ ಸುಟ್ಟುಹೋಗುತ್ತದೆ. ಅದಕ್ಕೇ ಸಿಸ್ಟರ್ ಮೊದಲು ಸಲೈನ್ ಹರಿಸಿ, ಸೂಜಿ ಸರಿಯಾಗಿ ಕೂತಿದೆಯೇ ಎಂದು ನೋಡಿ, “ಉರಿ ಆದ್ರೆ ತಕ್ಷಣ ಹೇಳಿ” ಎನ್ನುತ್ತಾರೆ. ಡೋಸ್ ಲೆಕ್ಕಕ್ಕಾಗಿ ಪ್ರತಿ ಸಲ ತೂಕ, ಎತ್ತರ ಹಿಡಿಯುತ್ತಾರೆ. ಹಲವು ಔಷಧಿಗಳನ್ನು ಈಗ ದೇಹದ ಮೇಲ್ಮೈ ವಿಸ್ತೀರ್ಣಕ್ಕೆ ತಕ್ಕಂತೆ ಅಳೆಯುತ್ತಾರೆ. ಉರಿ ಎಂದು ಹೇಳಲು ಸಂಕೋಚಪಡಬೇಡಿ, ಒಂದು ನಿಮಿಷವೂ ತಡಮಾಡಬೇಡಿ.

ಹಾಗಾದರೆ ಕೌಂಟ್ ಅಂದರೆ?

ರಕ್ತದಲ್ಲಿರುವ ಕಣಗಳ ಸಂಖ್ಯೆಯೇ ಕೌಂಟ್. ಆ ರಕ್ತಕಣಗಳೆಲ್ಲ ಹುಟ್ಟುವುದು ಮೂಳೆ ಮಜ್ಜೆಯಲ್ಲಿ. ಕೆಂಪು ಕಣದ ಆಯುಸ್ಸು ಸುಮಾರು 120 ದಿನ, ಪ್ಲೇಟ್‌ಲೆಟ್‌ನದು ಎಂಟು ಹತ್ತು ದಿನ. ಸೋಂಕಿನ ವಿರುದ್ಧ ಮೊದಲು ಓಡಿಬರುವ ನ್ಯೂಟ್ರೋಫಿಲ್ ಎಂಬ ಬಿಳಿ ಕಣ ರಕ್ತದಲ್ಲಿ ಹೆಚ್ಚು ಕಾಲ ಬಾಳುವುದಿಲ್ಲ. ಊರಿನ ಅಂಗಡಿ ಬಾಗಿಲು ಹಾಕಿದರೆ ಮನೆಯಲ್ಲಿ ಮೊದಲು ಮುಗಿಯುವುದು ಹಾಲು. ಮೂಟೆಯಲ್ಲಿರುವ ಅಕ್ಕಿ ತಿಂಗಳುಗಟ್ಟಲೆ ಬರುತ್ತದೆ. ಕೀಮೋ ಕೊಟ್ಟಾಗ ಮಜ್ಜೆಯ ಅಂಗಡಿ ಕೆಲ ದಿನ ಮುಚ್ಚುತ್ತದೆ. ಮಜ್ಜೆಯಲ್ಲಿದ್ದ ದಾಸ್ತಾನು ಮುಗಿದು, ಸಾಮಾನ್ಯವಾಗಿ 7ರಿಂದ 14 ದಿನಗಳ ನಡುವೆ ನ್ಯೂಟ್ರೋಫಿಲ್ ತಳ ಮುಟ್ಟುತ್ತದೆ. ಮೂರನೇ ವಾರದ ಹೊತ್ತಿಗೆ ಮತ್ತೆ ಏರುತ್ತದೆ. ಅನೇಕ ಚಿಕಿತ್ಸಾಕ್ರಮಗಳಲ್ಲಿ 21 ದಿನಕ್ಕೊಮ್ಮೆ ಕೀಮೋ ಎಂದು ಇಟ್ಟಿರುವುದು ಅದಕ್ಕೇ: ಮಜ್ಜೆ ಚೇತರಿಸಿಕೊಂಡಿರಬೇಕು, ಗಡ್ಡೆ ಚೇತರಿಸಿಕೊಂಡಿರಬಾರದು.

ಎಲ್ಲರ ಮಜ್ಜೆಯೂ ಒಂದೇ ವೇಗದಲ್ಲಿ ಏಳುವುದಿಲ್ಲ. ರಿಪೋರ್ಟಿನಲ್ಲಿ ನ್ಯೂಟ್ರೋಫಿಲ್ ಸಂಖ್ಯೆ ಸಾಲದಿದ್ದರೆ (ಅನೇಕ ಕಡೆ ಮೈಕ್ರೋಲೀಟರಿಗೆ 1,500 ಎಂಬ ಗೆರೆ ಇಟ್ಟುಕೊಂಡಿರುತ್ತಾರೆ) ಅದರ ಮೇಲೆ ಮತ್ತೊಂದು ಡೋಸ್ ಹಾಕಿದರೆ ಅಂಗಡಿಯ ಬಾಗಿಲು ಮತ್ತೆ ಬೀಳುತ್ತದೆ. ಆಗ ಸಣ್ಣ ಸೋಂಕೂ ಪ್ರಾಣಕ್ಕೆ ಬರುತ್ತದೆ. ಕೆಲವು ದಿನ ತಡವಾಗುವುದಕ್ಕಿಂತ ಅದು ದೊಡ್ಡ ಅಪಾಯ ಎಂದು ತೂಗಿ ನೋಡಿಯೇ ವೈದ್ಯರು ವಾಪಸ್ ಕಳಿಸುವುದು. ಕೆಲವರಿಗೆ ಕೌಂಟ್ ಏರಿಸುವ ಇಂಜೆಕ್ಷನ್ ಬರೆಯುತ್ತಾರೆ. ಮಜ್ಜೆಗೆ ಬಿಳಿ ಕಣ ಬೇಗ ಮಾಡು ಎಂದು ಅಪ್ಪಣೆ ಕೊಡುವ ಔಷಧಿ ಅದು. ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 1991ರಲ್ಲಿ. ಅಷ್ಟು ದೂರದ ಊರಿನಿಂದ ಬರುವವರು, ಹಿಂದಿನ ದಿನವೇ ಊರಿನ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡಿಸಿ ರಿಪೋರ್ಟ್ ಕಳಿಸಬಹುದೇ ಎಂದು ತಮ್ಮ ಆಸ್ಪತ್ರೆಯಲ್ಲಿ ಕೇಳಿನೋಡಬಹುದು.

ಕೀಮೋ ಆದ ಎರಡನೇ ವಾರ ಮನೆಯಲ್ಲಿ ಥರ್ಮಾಮೀಟರ್ ಕೈಗೆ ಸಿಗುವ ಹಾಗಿರಲಿ. ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ಮಾತ್ರೆ ನುಂಗಿ ಬೆಳಗಾಗಲಿ ಎಂದು ಕಾಯಬೇಡಿ. ರಾತ್ರಿ ಎರಡು ಗಂಟೆಯಾದರೂ ಸರಿ, ಹತ್ತಿರದ ಆಸ್ಪತ್ರೆಗೆ ಹೋಗಿ, ಕೀಮೋ ಫೈಲ್ ಮುಂದಿಟ್ಟು, “ಕೀಮೋ ಆಗಿ ಹತ್ತು ದಿನ ಆಯ್ತು, ಜ್ವರ ಬಂದಿದೆ, ಕೌಂಟ್ ನೋಡಿ” ಎಂದು ಹೇಳಿ.